ತಟ್ಟೆಯಲ್ಲಿ ಬೆಳಗಿದ ಕಿಣ್ವ ಮಿದುಳಿನಲ್ಲಿ ಮಂಕಾಗುವುದೇಕೆ?

ಪ್ರಶ್ನೆ: ನಾನು ಜೀವರಸಾಯನ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಇಲಿಯ ಮಿದುಳಿನಲ್ಲಿ ಬೆಳೆಯುವ ಗಡ್ಡೆಯನ್ನು, ಪ್ರಾಣಿಯನ್ನು ಕೊಲ್ಲದೆಯೇ ವಾರಗಟ್ಟಲೆ ಗಮನಿಸಲು ನಮ್ಮ ಪ್ರಯೋಗಾಲಯದಲ್ಲಿ ಮಿಂಚುಹುಳದ ಲೂಸಿಫರೇಸ್ ಎಂಬ, ಬೆಳಕು ಹೊಮ್ಮಿಸುವ ಕಿಣ್ವವನ್ನು ಬಳಸುತ್ತೇವೆ. ಗಡ್ಡೆ ಚಿಕ್ಕದಿರುವಾಗ ಬೆಳಕು ಕಾಣುವುದೇ ಇಲ್ಲ. ಹೆಚ್ಚು ಪ್ರಕಾಶಮಾನವೆಂದು ಹೆಸರಾದ ನ್ಯಾನೋಲಕ್ ಕಿಣ್ವಕ್ಕೆ ಬದಲಾದೆವು. ಕೋಶಗಳ ತಟ್ಟೆಯಲ್ಲಿ ಅದು ಹಳೆಯದಕ್ಕಿಂತ ನೂರು ಪಟ್ಟಿಗೂ ಮೀರಿ ಬೆಳಗಿತು. ಅವೇ ಕೋಶಗಳನ್ನು ಮಿದುಳಿಗೆ ಸೇರಿಸಿದಾಗ ಹಳೆಯದಕ್ಕಿಂತಲೂ ಮಂಕಾಗಿ ಕಂಡಿತು. ಆದ್ದರಿಂದ ನನ್ನ ಮಹಾಪ್ರಬಂಧಕ್ಕೆ ಹೊಸದೊಂದು ಕಿಣ್ವ ಮತ್ತು ಅದು ಬಳಸುವ ಚಿಕ್ಕ ಅಣು, ಅಂದರೆ ಸಬ್‌ಸ್ಟ್ರೇಟ್, ಇವುಗಳ ಜೋಡಿಯನ್ನೇ ರೂಪಿಸಬೇಕೆಂದಿದ್ದೇನೆ. ಬದಲಿಸಬೇಕಾದದ್ದು ಕಿಣ್ವವನ್ನೋ, ಸಬ್‌ಸ್ಟ್ರೇಟನ್ನೋ? ಈಗ ಕಂಪ್ಯೂಟರಿನಲ್ಲೇ ಕಿಣ್ವವನ್ನು ವಿನ್ಯಾಸ ಮಾಡಬಹುದು, ಸಂಶ್ಲೇಷಣೆಯ ತಲೆನೋವು ಬೇಡ ಎಂದು ಜೊತೆಯವರು ಹೇಳುತ್ತಾರೆ, ನಿಜವೇ? ಬೆಳಕು ಕೆಂಪಾದಷ್ಟೂ ಒಳ್ಳೆಯದೇ? ಮತ್ತೆ ಮತ್ತೆ ಸಬ್‌ಸ್ಟ್ರೇಟ್ ಚುಚ್ಚುವುದರಿಂದ ಪ್ರಾಣಿಗೆ ತೊಂದರೆಯಿಲ್ಲವೇ? ಗಡ್ಡೆಯನ್ನೂ ಅದರೊಳಗೆ ಬರುವ ಪ್ರತಿರಕ್ಷಣಾ ಕೋಶಗಳನ್ನೂ ಎರಡು ಬಣ್ಣಗಳಲ್ಲಿ ಒಟ್ಟಿಗೇ ನೋಡಬಹುದೇ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಬೇರು ಒಂದೇ: ತಟ್ಟೆಯಲ್ಲಿ ಗೆದ್ದ ಕಿಣ್ವ ಪ್ರಾಣಿಯಲ್ಲಿ ಏಕೆ ಸೋತಿತು ಎಂಬುದು. ಅದಕ್ಕೆ ಉತ್ತರ ಸಿಗುವವರೆಗೆ ಹೊಸ ಜೋಡಿಯ ಕೆಲಸಕ್ಕೆ ಕೈಹಾಕಬೇಡಿ ಎಂದೇ ಹೇಳುತ್ತೇನೆ. ಕಾರಣ ತಿಳಿಯದೆ ರೂಪಿಸಿದ ಹೊಸ ಕಿಣ್ವವೂ ತಟ್ಟೆಯಲ್ಲಿ ಗೆದ್ದು ಮಿದುಳಿನಲ್ಲಿ ಸೋಲುವ ಸಾಧ್ಯತೆಯೇ ಹೆಚ್ಚು. ನಿಮ್ಮ ಪ್ರಯೋಗ ಕೆಟ್ಟಿದೆ ಎಂಬ ಅನುಮಾನವಿದ್ದರೆ ಅದನ್ನು ಬಿಡಿ. ನಿಮಗೆ ಬಂದ ಫಲಿತಾಂಶ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಪರಿಚಿತವಾದದ್ದು.

ಇಂಥ ಬೆಳಕಿಗೆ ಎರಡು ವಸ್ತುಗಳು ಬೇಕೆಂಬುದು 1880ರ ದಶಕದಲ್ಲೇ ತಿಳಿದಿತ್ತು. ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಬೆಳಗುವ ಜೀವಿಗಳ ಸಾರವನ್ನು ತಣ್ಣೀರಿನಲ್ಲೊಮ್ಮೆ, ಬಿಸಿನೀರಿನಲ್ಲೊಮ್ಮೆ ತೆಗೆದರು. ಎರಡನ್ನೂ ಬೆರೆಸಿದಾಗ ಆರಿಹೋಗಿದ್ದ ಬೆಳಕು ಮರಳಿತು. ಬಿಸಿಗೆ ಕೆಡುವ ಭಾಗವನ್ನು ಲೂಸಿಫರೇಸ್ ಎಂದೂ ಬಿಸಿಯನ್ನು ತಾಳುವ ಚಿಕ್ಕ ಅಣುವನ್ನು ಲೂಸಿಫೆರಿನ್ ಎಂದೂ ಅವರು ಕರೆದರು. ಆಮ್ಲಜನಕದೊಂದಿಗೆ ಲೂಸಿಫೆರಿನ್ ಉತ್ಕರ್ಷಣಗೊಂಡು, ಒತ್ತಡದಲ್ಲಿರುವ ಪುಟ್ಟ ಉಂಗುರವೊಂದು ಒಡೆದು ಇಂಗಾಲದ ಡೈಆಕ್ಸೈಡ್ ಹೊರಬಿದ್ದಾಗ, ಉಳಿದ ಅಣು ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ. ಅದು ಶಾಂತವಾಗುವಾಗ ಫೋಟಾನ್ ಹೊಮ್ಮುತ್ತದೆ. ಬೆಳಕನ್ನು ಸೂಸುವುದು ಸಬ್‌ಸ್ಟ್ರೇಟಿನಿಂದ ಹುಟ್ಟಿದ ಅಣು. ಕಿಣ್ವ ಅದಕ್ಕೆ ಜಾಗ ಒದಗಿಸುತ್ತದೆ, ವೇಗ ಕೊಡುತ್ತದೆ, ನೀರಿನ ಅಣುಗಳು ಆ ಶಕ್ತಿಯನ್ನು ಕಸಿಯದಂತೆ ಕಾಯುತ್ತದೆ, ಬಣ್ಣವನ್ನು ಸ್ವಲ್ಪ ಆಚೀಚೆ ಸರಿಸುತ್ತದೆ. ಕಿಣ್ವವೋ ಸಬ್‌ಸ್ಟ್ರೇಟೋ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಬಣ್ಣದಲ್ಲಿ ದೊಡ್ಡ ಜಿಗಿತ ಬೇಕಿದ್ದರೆ ಸಬ್‌ಸ್ಟ್ರೇಟಿನ ರಚನೆಯನ್ನು ಮುಟ್ಟಲೇಬೇಕು. ಮುಟ್ಟಿದ ಮೇಲೆ ಹಳೆಯ ಕಿಣ್ವ ಅದನ್ನು ಹಳೆಯ ಉತ್ಸಾಹದಿಂದ ಸ್ವೀಕರಿಸುವುದಿಲ್ಲವಾದ್ದರಿಂದ ಕಿಣ್ವವನ್ನೂ ತಿದ್ದಬೇಕಾಗುತ್ತದೆ.

ಈಗ ನಿಮ್ಮ ನ್ಯಾನೋಲಕ್ ವಿಷಯಕ್ಕೆ ಬರೋಣ. ಆಳಸಮುದ್ರದ ಸಿಗಡಿಯೊಂದರ ಕಿಣ್ವದ ಚಿಕ್ಕ ತುಣುಕನ್ನು ಹಂತಹಂತವಾಗಿ ತಿದ್ದಿ, ಅದರ ಜೊತೆಗೇ ಆ ಸಿಗಡಿಯ ಲೂಸಿಫೆರಿನ್ ಆದ ಸೀಲೆಂಟರಜೀನ್‌ನ ಹೊಸ ರೂಪಗಳನ್ನು ಸಂಶ್ಲೇಷಿಸಿ ಪರೀಕ್ಷಿಸಿ, 2012ರಲ್ಲಿ ಪ್ರಕಟಿಸಿದ ಜೋಡಿಯೇ ನ್ಯಾನೋಲಕ್ ಕಿಣ್ವ ಮತ್ತು ಫ್ಯೂರಿಮಜೀನ್ ಸಬ್‌ಸ್ಟ್ರೇಟ್. ಕಿಣ್ವದ ಅಣುತೂಕ ಕೇವಲ 19 ಕಿಲೋಡಾಲ್ಟನ್. ಮಿಂಚುಹುಳದ್ದು ಸುಮಾರು 61. ನ್ಯಾನೋಲಕ್‌ಗೆ ಕೋಶದ ಶಕ್ತಿಯ ಅಣುವಾದ ಎಟಿಪಿ ಬೇಡ, ಮೆಗ್ನೀಷಿಯಂ ಬೇಡ. ಮಿಂಚುಹುಳದ ಕಿಣ್ವಕ್ಕಿಂತ ಸುಮಾರು 150 ಪಟ್ಟು ಪ್ರಕಾಶವೆಂಬ ಮಾತು ಸುಳ್ಳಲ್ಲ. ಆದರೆ ಅದು ಪ್ರನಾಳದಲ್ಲಿ, ಸಬ್‌ಸ್ಟ್ರೇಟ್ ಯಥೇಚ್ಛವಾಗಿರುವಾಗ, ಬೆಳಕಿಗೂ ಪತ್ತೆಕಾರಕಕ್ಕೂ ನಡುವೆ ನೀರಲ್ಲದೆ ಬೇರೇನೂ ಇಲ್ಲದಿರುವಾಗ ಅಳೆದ ಸಂಖ್ಯೆ. ಪ್ರಾಣಿಯ ದೇಹದಲ್ಲಿ ಆ ಮೂರು ಅನುಕೂಲಗಳಲ್ಲಿ ಒಂದೂ ಇರುವುದಿಲ್ಲ.

ಮೊದಲನೆಯ ಅಡ್ಡಿ ರಕ್ತ. ನ್ಯಾನೋಲಕ್‌ನ ಬೆಳಕು 460 ನ್ಯಾನೋಮೀಟರ್ ಸುತ್ತಲಿನ ನೀಲಿ. ಹೀಮೋಗ್ಲೋಬಿನ್ ನೀಲಿಯನ್ನೂ ಹಸಿರನ್ನೂ ಹಳದಿಯನ್ನೂ ಹೀರುತ್ತದೆ; 600 ನ್ಯಾನೋಮೀಟರ್ ದಾಟಿದ ಮೇಲಷ್ಟೇ ಅದರ ಹೀರಿಕೆ ಕಡಿದಾಗಿ ಇಳಿಯುತ್ತದೆ. ಸುಮಾರು 650ರಿಂದ 900ರವರೆಗಿನ ಪಟ್ಟಿಯನ್ನು ಅಂಗಾಂಶದ ಬೆಳಕಿಂಡಿ ಎನ್ನುವುದು ಇದೇ ಕಾರಣಕ್ಕೆ. ಮಿಂಚುಹುಳದ ಬೆಳಕು ಕೋಣೆಯ ತಾಪಮಾನದಲ್ಲಿ 560 ನ್ಯಾನೋಮೀಟರ್ ಆಸುಪಾಸಿನ ಹಳದಿ ಹಸಿರಾದರೂ 37 ಡಿಗ್ರಿಯಲ್ಲಿ ಸುಮಾರು 610ಕ್ಕೆ ಸರಿದು ಕೆಂಪಾಗುತ್ತದೆ. ದೇಹದ ಬಿಸಿಯೇ ಆ ಕಿಣ್ವಕ್ಕೆ ಮಾಡಿಕೊಡುವ ಉಪಕಾರವಿದು. ಮಿಂಚುಹುಳದ ಲೂಸಿಫರೇಸ್ ಇಷ್ಟು ವರ್ಷ ಕಣದಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ನ್ಯಾನೋಲಕ್ ಹೊಮ್ಮಿಸುವ ಫೋಟಾನ್‌ಗಳಲ್ಲಿ 600ರ ಆಚೆಗಿನವು ತೀರ ಕಡಿಮೆ. ತಟ್ಟೆಯಲ್ಲಿ ಎಣಿಸಿದ ನೂರು ಪಟ್ಟು ಬೆಳಕಿನ ಬಹುಪಾಲು ತಲೆಬುರುಡೆ, ಚರ್ಮ, ರಕ್ತನಾಳಗಳನ್ನು ದಾಟುವಷ್ಟರಲ್ಲಿ ಇಲ್ಲವಾಗುತ್ತದೆ.

ಎರಡನೆಯ ಅಡ್ಡಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ನನ್ನ ಅನುಭವದಲ್ಲಿ ಮಿದುಳಿನ ಮಟ್ಟಿಗೆ ಅದೇ ದೊಡ್ಡದು. ಫ್ಯೂರಿಮಜೀನ್ ನೀರಿನಲ್ಲಿ ಸುಲಭವಾಗಿ ಕರಗದ ಅಣು. ಚುಚ್ಚುಮದ್ದಿನ ಗಾತ್ರಕ್ಕೆ ಮಿತಿಯಿರುವುದರಿಂದ ಎಷ್ಟು ಕರಗೀತೋ ಅಷ್ಟೇ ಪ್ರಮಾಣ ಒಳಹೋಗುತ್ತದೆ. ಹೋದದ್ದು ರಕ್ತದಲ್ಲಿ ತಾನೇ ತಾನಾಗಿ ಉತ್ಕರ್ಷಣಗೊಂಡು ಸವೆಯುತ್ತದೆ. ಉಳಿದದ್ದರಲ್ಲಿ ರಕ್ತ–ಮಿದುಳಿನ ತಡೆಗೋಡೆಯನ್ನು ದಾಟುವುದು ಅತ್ಯಲ್ಪ. ಈ ಅಣುವಿನ ಮೂಲವಾದ ಸೀಲೆಂಟರಜೀನನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಕೋಶಗಳಿಂದ ಹೊರದಬ್ಬುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಾಗಿದೆ, ಮತ್ತು ಆ ಪಂಪು ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಹೇರಳವಾಗಿದೆ. ಮಿಂಚುಹುಳದ ಸಬ್‌ಸ್ಟ್ರೇಟಾದ ಡಿ-ಲೂಸಿಫೆರಿನ್ ಕೂಡ ಇಲ್ಲಿ ಸಂಪೂರ್ಣ ನಿರಪರಾಧಿಯಲ್ಲ. ಅದು ಋಣಾತ್ಮಕ ವಿದ್ಯುದಂಶ ಹೊತ್ತ ಆಮ್ಲ. ಪೊರೆಗಳನ್ನು ಕಷ್ಟಪಟ್ಟು ದಾಟುತ್ತದೆ. ಎಬಿಸಿಜಿ2 ಎಂಬ ಇನ್ನೊಂದು ಪಂಪು ಅದನ್ನು ಹೊರದಬ್ಬುತ್ತದೆ. ಕಿಲೋಗ್ರಾಂ ತೂಕಕ್ಕೆ 150 ಮಿಲಿಗ್ರಾಂನಂಥ ಭಾರಿ ಪ್ರಮಾಣವನ್ನು ಚುಚ್ಚುವ ವಾಡಿಕೆ ಬಂದಿರುವುದು ಈ ಕೊರತೆಯನ್ನು ತುಂಬಲೆಂದೇ. ಅಷ್ಟು ಕೊಟ್ಟರೂ ಮಿದುಳಿನಲ್ಲಿ ಕಿಣ್ವದ ಬಹುಭಾಗ ಸಬ್‌ಸ್ಟ್ರೇಟಿಲ್ಲದೆ ಖಾಲಿ ಕುಳಿತಿರುತ್ತದೆ.

ಆದ್ದರಿಂದ ಪ್ರಕಾಶವೆಂಬುದನ್ನು ಒಂದೇ ಗುಣವೆಂದು ಭಾವಿಸದೆ ಗುಣಾಕಾರವೆಂದು ಭಾವಿಸಿ. ಕೋಶದಲ್ಲಿ ಎಷ್ಟು ಕಿಣ್ವವಿದೆ, ಅದರಲ್ಲಿ ಎಷ್ಟು ಪಾಲಿಗೆ ಸಬ್‌ಸ್ಟ್ರೇಟ್ ತಲುಪಿದೆ, ತಲುಪಿದ ಮೇಲೆ ಸೆಕೆಂಡಿಗೆ ಎಷ್ಟು ಅಣುಗಳನ್ನು ಅದು ಪರಿವರ್ತಿಸುತ್ತದೆ, ಪರಿವರ್ತನೆಯಾದವುಗಳಲ್ಲಿ ಎಷ್ಟು ಫೋಟಾನ್ ಕೊಡುತ್ತವೆ, ಕೊಟ್ಟ ಫೋಟಾನ್‌ಗಳಲ್ಲಿ ಎಷ್ಟು ದೇಹದಿಂದ ಹೊರಬರುತ್ತವೆ ಎಂಬ ಐದನ್ನು ಒಂದರೊಡನೊಂದು ಗುಣಿಸಿದಾಗ ಸಿಗುವುದೇ ಕ್ಯಾಮೆರಾ ಕಾಣುವ ಬೆಳಕು. ತಟ್ಟೆಯ ಪ್ರಯೋಗ ಮೂರನೆಯದನ್ನೂ ನಾಲ್ಕನೆಯದನ್ನೂ ಚೆನ್ನಾಗಿ ಅಳೆಯುತ್ತದೆ. ನಿಮ್ಮ ಮಿದುಳಿನ ಪ್ರಯೋಗದಲ್ಲಿ ಸೋಲು ಗೆಲುವನ್ನು ನಿರ್ಧರಿಸಿದ್ದು ಎರಡನೆಯದೂ ಕೊನೆಯದೂ.

ಕೆಂಪಾದಷ್ಟೂ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ: ಒಂದು ಮಿತಿಯವರೆಗೆ. ಉದ್ರಿಕ್ತ ಅಣುವಿಗೂ ಶಾಂತ ಅಣುವಿಗೂ ನಡುವಿನ ಶಕ್ತಿಯ ಅಂತರ ಕಿರಿದಾದಷ್ಟೂ ಬೆಳಕು ಕೆಂಪಾಗುತ್ತದೆ. ಆದರೆ ಅಂತರ ಕಿರಿದಾದಷ್ಟೂ ಅಣು ಬೆಳಕನ್ನು ಹೊಮ್ಮಿಸದೆ ಕಂಪನಗಳ ಮೂಲಕವೇ ಶಕ್ತಿಯನ್ನು ಕಳೆದುಕೊಳ್ಳುವ ಸಾಧ್ಯತೆಯೂ ಏರುತ್ತದೆ. 460 ನ್ಯಾನೋಮೀಟರ್ ಬೆಳಕಿಗೆ ಮೋಲ್ ಒಂದಕ್ಕೆ ಸುಮಾರು 62 ಕಿಲೋಕ್ಯಾಲೊರಿ ಬೇಕು, 650ಕ್ಕೆ 44 ಸಾಕು. ಶಕ್ತಿಯ ಲೆಕ್ಕದಲ್ಲಿ ಕೆಂಪು ಅಗ್ಗ, ಇಳುವರಿಯ ಲೆಕ್ಕದಲ್ಲಿ ದುಬಾರಿ. ಕೆಂಪಿಗೆಂದು ಅಣುವಿನ ಸಂಯುಗ್ಮ ಸರಪಳಿಯನ್ನು (ಒಂಟಿ ಬಂಧ, ಜೋಡಿ ಬಂಧಗಳು ಸರದಿಯಲ್ಲಿ ಬರುವ ಭಾಗವನ್ನು) ಉದ್ದ ಮಾಡಿದಾಗ ಅದು ಕಿಣ್ವದ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ, ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೇಲ್ಮೈಗೆ ಹತ್ತಿರದ, ಚರ್ಮದ ಕೆಳಗಿನ ಗಡ್ಡೆಗಳಲ್ಲಿ ಕೆಂಪಿನ ಲಾಭ ಈ ನಷ್ಟವನ್ನು ತುಂಬಿಕೊಡದೆಯೂ ಇರಬಹುದು. ನಿಮ್ಮಂತೆ ಆಳದಲ್ಲಿ ನೋಡುವವರಿಗೆ ಖಂಡಿತ ತುಂಬಿಕೊಡುತ್ತದೆ.

ಜೋಡಿಯ ಎರಡೂ ಬದಿಗಳನ್ನು ತಿದ್ದಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅಕಾಲಕ್ ಎಂಬ ಕಿಣ್ವಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಜಪಾನಿನ ರಸಾಯನಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಕಾಲ್ಯುಮಿನ್ ಎಂಬ ಅಣು, ಮಿಂಚುಹುಳದ ಸಹಜ ಕಿಣ್ವದೊಡನೆ 677 ನ್ಯಾನೋಮೀಟರ್ ಸುತ್ತ ಬೆಳಗುತ್ತದೆ. ಪ್ರನಾಳದಲ್ಲಿ ಅದನ್ನು ಡಿ-ಲೂಸಿಫೆರಿನ್ ಜೊತೆ ಹೋಲಿಸಿದರೆ ಮಂಕು. ತಟ್ಟೆಯ ಫಲಿತಾಂಶವನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದರೆ ಅಲ್ಲಿಗೇ ಅದನ್ನು ಕೈಬಿಡಬೇಕಿತ್ತು. ಪ್ರಾಣಿಯಲ್ಲಿ ಮಾತ್ರ ಅದು ಕೋಶಗಳೊಳಕ್ಕೆ ಸಲೀಸಾಗಿ ನುಗ್ಗಿತು, ಕಡಿಮೆ ಸಾಂದ್ರತೆಯಲ್ಲೇ ಕಿಣ್ವವನ್ನು ತುಂಬಿತು, ಅದರ ಬೆಳಕು ಅಂಗಾಂಶವನ್ನು ದಾಟಿತು. ಆಮೇಲೆ ಜಪಾನಿನ ರೈಕೆನ್ ಸಂಶೋಧನಾ ಸಂಸ್ಥೆಯ ಅತ್ಸುಶಿ ಮಿಯಾವಾಕಿ ಅವರ ತಂಡ ಮಿಂಚುಹುಳದ ಕಿಣ್ವವನ್ನು ಈ ಸಬ್‌ಸ್ಟ್ರೇಟಿಗಾಗಿಯೇ ಸುತ್ತು ಸುತ್ತಾಗಿ ವಿಕಾಸಗೊಳಿಸಿ ಅಕಾಲಕ್ ಎಂಬ ರೂಪವನ್ನು ಪಡೆಯಿತು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಜೀವಂತ ಪ್ರಾಣಿಯೊಳಗಿನ ಬೆಳಕು ಹಳೆಯ ಜೋಡಿಗಿಂತ 100ರಿಂದ 1000 ಪಟ್ಟು ಹೆಚ್ಚಿತು. ಇಲಿಯ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಒಂಟಿ ಕೋಶಗಳನ್ನು ಹೊರಗಿನಿಂದ ಕಾಣಲು ಸಾಧ್ಯವಾಯಿತು. ಮಾರ್ಮೊಸೆಟ್ ಕೋತಿಯ ಮಿದುಳಿನ ಆಳದ ನರಕೋಶಗಳೂ ಕಂಡವು. ಮೊದಲು ಸಬ್‌ಸ್ಟ್ರೇಟ್, ಆಮೇಲೆ ಅದಕ್ಕೊಪ್ಪುವ ಕಿಣ್ವ ಎಂಬ ಈ ಕ್ರಮವನ್ನೇ ನಾನು ಮಿದುಳಿನ ಕೆಲಸಕ್ಕೆ ಸೂಚಿಸುವುದು. ಏಕೆಂದರೆ ಕಿಣ್ವವನ್ನು ತಿದ್ದಿ ಕುಳಿಯನ್ನು ಹಿಗ್ಗಿಸಬಹುದು, ವೇಗವನ್ನು ಹೆಚ್ಚಿಸಬಹುದು. ಮಿದುಳಿಗೆ ತಲುಪದ ಅಣುವನ್ನು ತಲುಪಿಸಲು ಯಾವ ಕಿಣ್ವದಿಂದಲೂ ಆಗದು.

ಹಾಗೆಂದು ಅಕಾಲಕ್ ನಿರ್ದೋಷಿಯಲ್ಲ. ಅಕಾಲ್ಯುಮಿನ್ ಯಾವ ಲೂಸಿಫರೇಸೂ ಇಲ್ಲದ ಪ್ರಾಣಿಯ ಯಕೃತ್ತಿನಲ್ಲೂ ಸ್ವಲ್ಪ ಬೆಳಕು ಕೊಡುತ್ತದೆ. ನಿಮ್ಮ ಕೆಲಸ ಮಿದುಳಿನದಾದ್ದರಿಂದ ಇದು ಅಷ್ಟಾಗಿ ಕಾಡದು. ಹೊಟ್ಟೆಯ ಭಾಗದ ಗಡ್ಡೆಗಳನ್ನು ನೋಡುವವರಿಗೆ ಇದು ತೊಡಕೇ ಸರಿ. ಸೀಲೆಂಟರಜೀನ್ ಕುಟುಂಬದ ಅಣುಗಳಿಗೂ ಈ ದೋಷ ಬೇರೊಂದು ರೂಪದಲ್ಲಿದೆ: ರಕ್ತದ್ರವದಲ್ಲಿ ಅವು ಕಿಣ್ವವಿಲ್ಲದೆಯೇ ಮಿನುಗುತ್ತವೆ. ಯಾವ ಜೋಡಿಯನ್ನೇ ಬಳಸಿ, ಕಿಣ್ವವಿಲ್ಲದ ಪ್ರಾಣಿಗೆ ಸಬ್‌ಸ್ಟ್ರೇಟ್ ಕೊಟ್ಟು ತೆಗೆದ ಚಿತ್ರವಿಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ. ಪ್ರಕಟಣೆಗೆ ಬರುವ ಹಸ್ತಪ್ರತಿಗಳನ್ನು ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಈ ಚಿತ್ರವನ್ನೇ.

ಕಂಪ್ಯೂಟರ್ ವಿನ್ಯಾಸದ ಬಗ್ಗೆ ನಿಮ್ಮ ಜೊತೆಯವರು ಹೇಳುವುದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾರೆ. ಅಮೆರಿಕದ ಪ್ರೋಟೀನ್ ವಿನ್ಯಾಸಕ ಡೇವಿಡ್ ಬೇಕರ್ ಅವರ ತಂಡ 2023ರಲ್ಲಿ ನಿಸರ್ಗದಲ್ಲಿ ಇಲ್ಲವೇ ಇಲ್ಲದ ಲೂಸಿಫರೇಸ್ ಒಂದನ್ನು ಸೊನ್ನೆಯಿಂದ ವಿನ್ಯಾಸ ಮಾಡಿ ತೋರಿಸಿತು. ಲಕ್ಸ್‌ಸಿಟ್ ಎಂಬ ಆ ಪ್ರೋಟೀನಿನಲ್ಲಿ ಇರುವುದು 117 ಅಮೈನೋ ಆಮ್ಲಗಳು ಮಾತ್ರ. ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಡೈಫಿನೈಲ್‌ಟೆರಜೀನ್ ಎಂಬ ಕೃತಕ ಸಬ್‌ಸ್ಟ್ರೇಟನ್ನು ಅದರ ಸೋದರ ಅಣುಗಳಿಂದ ಬೇರ್ಪಡಿಸಿ ಗುರುತಿಸುತ್ತದೆ. ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಸಂಖ್ಯೆಗಳನ್ನು ಎಚ್ಚರದಿಂದ ಓದಿ. ಪರೀಕ್ಷಿಸಿದ 7,648 ವಿನ್ಯಾಸಗಳಲ್ಲಿ ಬೆಳಕು ಕೊಟ್ಟವು ಮೂರು. ಅವುಗಳಲ್ಲಿ ಉತ್ತಮವಾದದ್ದನ್ನು ಮತ್ತೆ ಪ್ರಯೋಗಾಲಯದಲ್ಲಿ ತಿದ್ದಿ ಚುರುಕುಗೊಳಿಸಬೇಕಾಯಿತು. ಹೊಮ್ಮಿದ್ದು ನೀಲಿಯ ಕಡೆಗಿನ ಬೆಳಕೇ. ಸಬ್‌ಸ್ಟ್ರೇಟ್ ಕೂಡ ಮೊದಲೇ ರಸಾಯನಶಾಸ್ತ್ರಜ್ಞರು ಮಾಡಿಟ್ಟಿದ್ದದ್ದು. ಸಂಶ್ಲೇಷಣೆಯ ತಲೆನೋವನ್ನು ಇನ್ನೊಬ್ಬರು ಅನುಭವಿಸಿ ಆಗಿತ್ತು ಅಷ್ಟೆ.

ಆ ವಿನ್ಯಾಸ ಫಲಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಸೀಲೆಂಟರಜೀನ್ ಮಾದರಿಯ ಅಣುಗಳಿಗೆ ಬೇಕಾದ ರಾಸಾಯನಿಕ ನೆರವು ಸರಳವಾದದ್ದು: ಅಣು ಪ್ರೋಟಾನ್ ಕಳೆದುಕೊಂಡು ಋಣಾಯಾನಾದಾಗ ಅದನ್ನು ಸ್ಥಿರಗೊಳಿಸುವ ಒಂದು ಧನಾತ್ಮಕ ಗುಂಪು, ಸುತ್ತ ನೀರಿಲ್ಲದ ಕುಳಿ, ಮತ್ತು ಆಮ್ಲಜನಕ. ಮಿಂಚುಹುಳದ ಕಿಣ್ವ ಹಾಗಲ್ಲ. ಅದು ಮೊದಲು ಎಟಿಪಿಯನ್ನು ಬಳಸಿ ಲೂಸಿಫೆರಿನ್‌ಗೆ ಎಟಿಪಿಯದೇ ತುಣುಕಾದ ಅಡೆನಿಲೇಟ್ ಗುಂಪನ್ನು ಸೇರಿಸುತ್ತದೆ. ಆಮೇಲೆ ತನ್ನ ಒಂದು ಭಾಗವನ್ನು ಸುಮಾರು 140 ಡಿಗ್ರಿ ತಿರುಗಿಸಿ ಉತ್ಕರ್ಷಣೆಯನ್ನು ನಡೆಸುತ್ತದೆ. ಎರಡು ಭಂಗಿಗಳಲ್ಲಿ ಎರಡು ಕೆಲಸ ಮಾಡುವ ಇಂಥ ಕಿಣ್ವವನ್ನು ಸೊನ್ನೆಯಿಂದ ವಿನ್ಯಾಸ ಮಾಡುವುದು ಇಂದಿಗೂ ಸುಲಭವಲ್ಲ. ಕೆಂಪು ಬೆಳಕಿನ ಉತ್ತಮ ಅಣುಗಳಲ್ಲಿ ಬಹುಪಾಲು ಈ ಎರಡನೆಯ ಕುಟುಂಬದವು ಎಂಬುದು ನಿಮ್ಮ ದುರದೃಷ್ಟ. ವಿನ್ಯಾಸದ ಸಾಧನಗಳನ್ನು ಬಳಸಿ. ಯಾವ ಸ್ಥಾನಗಳನ್ನು ಬದಲಿಸಿದರೆ ಪ್ರೋಟೀನಿನ ಮಡಿಕೆ ಕೆಡುವುದಿಲ್ಲ ಎಂದು ಮುಂಚೆಯೇ ಊಹಿಸಿ ರೂಪಗಳ ಸಂಗ್ರಹವನ್ನು ಚಿಕ್ಕದಾಗಿಸಲು ಅವು ಬಹಳ ಉಪಯುಕ್ತ. ಆದರೆ ಇಡೀ ಮಹಾಪ್ರಬಂಧವನ್ನು ಅವುಗಳ ಮೇಲೆ ಪಣಕ್ಕಿಡಬೇಡಿ.

ನಿಮ್ಮ ಮುಂದಿರುವ ದಾರಿಗಳನ್ನು ಹೇಳುವೆ. ಅತ್ಯಂತ ಕಡಿಮೆ ಅಪಾಯದ್ದೆಂದರೆ ಈಗಿರುವ ಮಿಂಚುಹುಳದ ಕಿಣ್ವವನ್ನು ಹಾಗೇ ಇಟ್ಟುಕೊಂಡು ಸಬ್‌ಸ್ಟ್ರೇಟನ್ನು ಮಾತ್ರ ಬದಲಿಸುವುದು. ನಿಮ್ಮ ಕೋಶಸಾಲುಗಳೂ ಹಳೆಯ ದತ್ತಾಂಶವೂ ವ್ಯರ್ಥವಾಗುವುದಿಲ್ಲ. ಸೈಕ್‌ಲಕ್1 ಎಂಬ ಅಮೈನೋಲೂಸಿಫೆರಿನ್ (ಲೂಸಿಫೆರಿನ್‌ನ ಮಾರ್ಪಟ್ಟ ರೂಪ), ಡಿ-ಲೂಸಿಫೆರಿನ್‌ಗಿಂತ ಬಹಳ ಕಡಿಮೆ ಪ್ರಮಾಣದಲ್ಲೇ ಇಲಿಯ ಮಿದುಳಿನೊಳಗಿನ ಕಿಣ್ವವನ್ನು ಬೆಳಗಿಸಿದೆ. ಅದೇ ದಾರಿಯಲ್ಲಿ ಇನ್ನೊಂದು ಜಾಣತನದ ಉಪಾಯವೂ ಇದೆ: ಲೂಸಿಫೆರಿನ್‌ನ ಆಮ್ಲದ ತುದಿಯನ್ನು ಅಮೈಡ್ ಆಗಿ ಮಾರ್ಪಡಿಸಿದರೆ ಅದು ಕಿಣ್ವಕ್ಕೆ ನೇರವಾಗಿ ಒದಗುವುದಿಲ್ಲ, ಆದರೆ ವಿದ್ಯುದಂಶವಿಲ್ಲದ್ದರಿಂದ ಪೊರೆಗಳನ್ನು ಸುಲಭವಾಗಿ ದಾಟುತ್ತದೆ, ಮಿದುಳಿನಲ್ಲಿ ಸಮೃದ್ಧವಾಗಿರುವ ಫ್ಯಾಟಿ ಆಸಿಡ್ ಅಮೈಡ್ ಹೈಡ್ರೊಲೇಸ್ ಎಂಬ ಕಿಣ್ವ ಆ ಅಮೈಡನ್ನು ಕತ್ತರಿಸಿ, ಬೇಕಾದ ಜಾಗದಲ್ಲೇ ಲೂಸಿಫೆರಿನ್ ಬಿಡುಗಡೆ ಮಾಡುತ್ತದೆ. ಇದರ ಅಪಾಯವೆಂದರೆ ನೀವು ಅಳೆಯುವುದು ಎರಡು ಕಿಣ್ವಗಳ ಕೂಡುಫಲವಾಗುತ್ತದೆ. ನಿಮ್ಮ ಔಷಧವೋ ಗಡ್ಡೆಯೋ ಆ ಹೈಡ್ರೊಲೇಸಿನ ಮಟ್ಟವನ್ನು ಏರುಪೇರು ಮಾಡಿದರೆ, ಗಡ್ಡೆ ಬೆಳೆಯದೆಯೂ ಬೆಳಕು ಬದಲಾದೀತು.

ಎರಡನೆಯ ದಾರಿ, ಈಗಾಗಲೇ ಸಿದ್ಧವಿರುವ ಉತ್ತಮ ಜೋಡಿಯೊಂದಕ್ಕೆ ಬದಲಾಗುವುದು. ಅಕಾಲಕ್ ಬಗ್ಗೆ ಹೇಳಿದೆ. ನ್ಯಾನೋಲಕ್ ಕಡೆಯಲ್ಲಿ ಆಂಟಾರಿಸ್ ಎಂಬ ರಚನೆಯಿದೆ. ಅದರಲ್ಲಿ ನ್ಯಾನೋಲಕ್‌ಗೆ ಕಿತ್ತಳೆ ಬಣ್ಣದ ಪ್ರತಿದೀಪ್ತ ಪ್ರೋಟೀನನ್ನು ಬೆಸೆದಿರುವುದರಿಂದ ನೀಲಿಯ ಶಕ್ತಿ ಪಕ್ಕದ ಪ್ರೋಟೀನಿಗೆ ವರ್ಗಾವಣೆಯಾಗಿ ಕಿತ್ತಳೆಯಾಗಿ ಹೊರಬರುತ್ತದೆ. ಇದರೊಡನೆ, ನೀರಿನಲ್ಲಿ ಹೆಚ್ಚು ಕರಗುವ ಫ್ಲೋರೋಫ್ಯೂರಿಮಜೀನನ್ನು 2020ರಲ್ಲಿ ಸೇರಿಸಿದಾಗ ದೇಹದೊಳಗಿನ ಬೆಳಕು ಗಣನೀಯವಾಗಿ ಏರಿತು. ಮಿದುಳನ್ನು ತಲುಪುವ ಸೆಫಲೋಫ್ಯೂರಿಮಜೀನ್ ಎಂಬ ರೂಪ ಆಮೇಲೆ ಬಂತು. ಇಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಮಿಂಚುಹುಳದ ಕಿಣ್ವಕ್ಕೆ ಎಟಿಪಿ ಬೇಕಾದ್ದರಿಂದ ಅದರ ಬೆಳಕು ಬಹುಮಟ್ಟಿಗೆ ಬದುಕಿರುವ ಕೋಶದ ಗುರುತು. ನ್ಯಾನೋಲಕ್ ಕುಟುಂಬಕ್ಕೆ ಅದು ಬೇಡವಾದ್ದರಿಂದ ಸತ್ತು ಒಡೆದ ಕೋಶದಿಂದ ಹೊರಬಿದ್ದ ಕಿಣ್ವವೂ ಕೆಲಕಾಲ ಬೆಳಗುತ್ತಿರುತ್ತದೆ. ಔಷಧ ಕೊಟ್ಟ ಮರುದಿನವೇ ಗಡ್ಡೆ ಸತ್ತಿತೇ ಎಂದು ಕೇಳುವ ಪ್ರಯೋಗದಲ್ಲಿ ಇದು ದಾರಿತಪ್ಪಿಸಬಲ್ಲದು.

ಸಿದ್ಧವಿರುವವುಗಳಲ್ಲಿ ಬೆಳಗುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳಿಂದ ಪಡೆದ ಮಾರ್ಗಗಳೂ ಇವೆ. ಅವುಗಳಲ್ಲಿ ಸಬ್‌ಸ್ಟ್ರೇಟನ್ನು ಕೋಶವೇ ತಯಾರಿಸಿಕೊಳ್ಳುತ್ತದೆ, ಚುಚ್ಚುವ ಅಗತ್ಯವೇ ಇಲ್ಲ. ಕೆಫೀಕ್ ಆಮ್ಲದಿಂದ ಹೊರಡುವ ಶಿಲೀಂಧ್ರದ ಚಕ್ರವನ್ನು ಸೇರಿಸಿ ತಾನಾಗಿ ಬೆಳಗುವ ಸಸ್ಯಗಳನ್ನು 2020ರಲ್ಲಿ ಮಾಡಿದ್ದಾರೆ. ಸಸ್ಯಗಳಲ್ಲಿ ಆ ಆಮ್ಲ ಸಹಜವಾಗಿಯೇ ಇರುತ್ತದೆ. ಇಲಿಯ ಮಿದುಳಿಗೆ ಸದ್ಯಕ್ಕೆ ಇವೆರಡೂ ಒಗ್ಗುವುದಿಲ್ಲ: ಹಲವು ಜೀನುಗಳನ್ನು ಒಟ್ಟಿಗೆ ಸೇರಿಸಬೇಕು, ಬೆಳಕು ಹಸಿರು ಅಥವಾ ನೀಲಿ ಹಸಿರು, ಪ್ರಕಾಶವೂ ಸಾಲದು.

ಮೂರನೆಯದು ನೀವು ಬಯಸಿರುವ ದಾರಿ, ನಿಮ್ಮದೇ ಜೋಡಿ. ಇದನ್ನು ಹಿಡಿಯುವುದಾದರೆ ಜೊತೆಗೊಬ್ಬ ಸಾವಯವ ರಸಾಯನಶಾಸ್ತ್ರಜ್ಞರು ಇರಲೇಬೇಕು. ಮಿಂಚುಹುಳದ ಕುಟುಂಬದ ಸಬ್‌ಸ್ಟ್ರೇಟುಗಳ ಕೊನೆಯ ಹಂತ ಸಾಮಾನ್ಯವಾಗಿ ಸುಲಭ. ಸಯನೋಬೆಂಜೋಥಯಜೋಲ್ ಎಂಬ ಮಧ್ಯಂತರ ಅಣುವಿಗೆ ಡಿ-ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿದರೆ ಉಂಗುರ ಮುಚ್ಚುತ್ತದೆ. ಕಷ್ಟವಿರುವುದು ಅದಕ್ಕೆ ಮುಂಚಿನ ಹಂತಗಳಲ್ಲಿ ಮತ್ತು ಶುದ್ಧತೆಯಲ್ಲಿ. ಕ್ಷಾರದಲ್ಲಿ ಇಟ್ಟರೆ ಡಿ ರೂಪ ತನ್ನ ಕನ್ನಡಿಬಿಂಬವಾದ ಎಲ್ ರೂಪಕ್ಕೆ ಜಾರುತ್ತದೆ. ಗಾಳಿ ತಗುಲಿದರೆ ಡಿಹೈಡ್ರೋಲೂಸಿಫೆರಿನ್ ಹುಟ್ಟುತ್ತದೆ, ಅದು ಕಿಣ್ವವನ್ನು ಬಲವಾಗಿ ತಡೆಯುವ ವಸ್ತು. ಹೊಸ ಅಣು ಬೆಳಗಲಿಲ್ಲವೆಂದು ಕೈಬಿಡುವ ಮುನ್ನ ಸೀಸೆಯಲ್ಲಿರುವುದು ಆ ಅಣುವೇ ಹೌದೋ ಎಂದು ನೋಡಿ.

ಕಿಣ್ವದ ವಿಕಾಸದಲ್ಲಿ ಗೆಲುವು ಸೋಲು ಇರುವುದು ಆಯ್ಕೆಯ ಷರತ್ತಿನಲ್ಲಿ. ಬ್ಯಾಕ್ಟೀರಿಯಾದ ವಸಾಹತುಗಳ ಮೇಲೆ ಸಬ್‌ಸ್ಟ್ರೇಟನ್ನು ಧಾರಾಳವಾಗಿ ಸಿಂಪಡಿಸಿ, ತಂಪಿನಲ್ಲಿಟ್ಟು, ಹೆಚ್ಚು ಹೊಳೆದದ್ದನ್ನು ಆರಿಸುವುದು ವಾಡಿಕೆ. ಹೀಗೆ ಆರಿಸಿದರೆ ನಿಮಗೆ ಸಿಗುವುದು ಬ್ಯಾಕ್ಟೀರಿಯಾದಲ್ಲಿ ಹೆಚ್ಚು ತಯಾರಾಗುವ ಕಿಣ್ವ. ಸಬ್‌ಸ್ಟ್ರೇಟಿನ ಬರಗಾಲದಲ್ಲಿ, 37 ಡಿಗ್ರಿಯಲ್ಲಿ, ಸಸ್ತನಿಯ ಕೋಶದಲ್ಲಿ ದುಡಿಯುವ ಕಿಣ್ವವಲ್ಲ. ಮಿದುಳಿನಲ್ಲಿ ಸಬ್‌ಸ್ಟ್ರೇಟ್ ಎಷ್ಟು ಸಿಗಬಹುದೋ ಅಷ್ಟೇ ಕಡಿಮೆ ಸಾಂದ್ರತೆಯಲ್ಲಿ ಆಯ್ಕೆ ಮಾಡಿ. ಆಯ್ಕೆಗೆ ಮುನ್ನ ವಸಾಹತುಗಳನ್ನು ಸ್ವಲ್ಪ ಹೊತ್ತು ಬಿಸಿಯಲ್ಲಿಡಿ. ಒಂದೆರಡು ಸುತ್ತುಗಳಾದೊಡನೆ ಉಳಿದವನ್ನು ಸಸ್ತನಿ ಕೋಶಗಳಿಗೆ ದಾಟಿಸಿ ನೋಡಿ. ಹೋಲಿಸುವಾಗ ಪ್ರತಿ ರೂಪಕ್ಕೂ ಒಂದು ಪ್ರತಿದೀಪ್ತ ಪ್ರೋಟೀನನ್ನು ಬೆಸೆದು ಅದರ ಅಳತೆಯಿಂದ ಭಾಗಿಸಿದರೆ, ಬೆಳಕು ಹೆಚ್ಚಿದ್ದು ಕಿಣ್ವದ ಚುರುಕಿನಿಂದಲೋ ಪ್ರಮಾಣದಿಂದಲೋ ಎಂಬುದು ತಿಳಿಯುತ್ತದೆ. ಹತ್ತಾರು ರೂಪಗಳು ಕೈಗೆ ಬರುವವರೆಗೆ ಕಾಯದೆ ಮೊದಲ ಉತ್ತಮ ರೂಪವನ್ನೇ ಪ್ರಾಣಿಯಲ್ಲಿ ಪರೀಕ್ಷಿಸಿ.

ಕ್ವಾಂಟಂ ಇಳುವರಿಯನ್ನು, ಅಂದರೆ ಪರಿವರ್ತನೆಯಾದ ಅಣುಗಳಲ್ಲಿ ಎಷ್ಟು ಪಾಲು ಫೋಟಾನ್ ಕೊಡುತ್ತವೆ ಎಂಬುದನ್ನು, ನೀವೇ ಅಳೆಯಲು ಹೊರಟರೆ ಎಚ್ಚರ. ಮಿಂಚುಹುಳದ ಬೆಳಕಿನ ಇಳುವರಿ 0.88 ಎಂದು 1960ರಲ್ಲಿ ಅಳೆದ ಸಂಖ್ಯೆಯನ್ನು ಪಠ್ಯಗಳು ದಶಕಗಳ ಕಾಲ ಬರೆದುಕೊಂಡು ಬಂದವು. 2008ರ ಮರು ಅಳತೆಯಲ್ಲಿ ಅದು 0.41ಕ್ಕೆ ಇಳಿಯಿತು. ಇಷ್ಟು ಪರಿಚಿತ ಕಿಣ್ವದಲ್ಲೇ ಹೀಗಾದಾಗ ಹೊಸ ಜೋಡಿಯ ನಿರಪೇಕ್ಷ ಸಂಖ್ಯೆಗೆ ಜೋತುಬೀಳುವುದಕ್ಕಿಂತ, ಒಂದೇ ಉಪಕರಣದಲ್ಲಿ ಒಂದೇ ದಿನ ಹಳೆಯ ಜೋಡಿಯೊಡನೆ ಮಾಡಿದ ಹೋಲಿಕೆ ಹೆಚ್ಚು ನಂಬಲರ್ಹ.

ಪ್ರಾಣಿಯ ಸುರಕ್ಷತೆಯ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ, ಆದರೆ ಬೆಳಕಿನಿಂದಾಗಲಿ ಅದರ ಶಾಖದಿಂದಾಗಲಿ ಅಪಾಯವಿಲ್ಲ. ಕ್ರಿಯೆ ಅಷ್ಟು ಅಲ್ಪ ಪ್ರಮಾಣದ್ದು. ಡಿ-ಲೂಸಿಫೆರಿನನ್ನು ಇಲಿಗಳು ಚೆನ್ನಾಗಿ ತಾಳುತ್ತವೆ. ನೋಡಬೇಕಾದದ್ದು ಕರಗದ ಸಬ್‌ಸ್ಟ್ರೇಟುಗಳನ್ನು ಕರಗಿಸಲು ಬೆರೆಸುವ ಎಥನಾಲ್, ಪಾಲಿಎಥಿಲೀನ್ ಗ್ಲೈಕಾಲ್‌ನಂಥ ದ್ರಾವಕಗಳನ್ನು, ಮತ್ತು ಕೆಲವು ಅಣುಗಳ ಆಮ್ಲೀಯ ದ್ರಾವಣಗಳನ್ನು. ವಾರಗಟ್ಟಲೆ ಚುಚ್ಚುವುದಾದರೆ ದ್ರಾವಕವನ್ನಷ್ಟೇ ಪಡೆಯುವ ಗುಂಪೊಂದನ್ನು ಇಟ್ಟುಕೊಂಡು ತೂಕವನ್ನು ಗಮನಿಸಿ. ಅರಿವಳಿಕೆಯೂ ರಕ್ತಸಂಚಾರವನ್ನು ಬದಲಿಸಿ ಸಬ್‌ಸ್ಟ್ರೇಟ್ ತಲುಪುವ ಹೊತ್ತನ್ನು ಏರುಪೇರು ಮಾಡುತ್ತದೆ. ಚುಚ್ಚಿದ ನಂತರ ಒಂದೇ ಚಿತ್ರ ತೆಗೆಯದೆ, ಬೆಳಕು ಏರಿ ಇಳಿಯುವವರೆಗೆ ಸಾಲಾಗಿ ತೆಗೆದು ಗರಿಷ್ಠ ಮಟ್ಟವನ್ನು ಹೋಲಿಸಿ. ಗಡ್ಡೆಯ ನಡುಭಾಗದಲ್ಲಿ ಆಮ್ಲಜನಕ ಕಡಿಮೆಯಾದರೆ ಯಾವ ಲೂಸಿಫರೇಸೂ ಮಂಕಾಗುತ್ತದೆ ಎಂಬುದೂ ನೆನಪಿರಲಿ. ಅದನ್ನು ಗಡ್ಡೆ ಕುಗ್ಗಿದೆಯೆಂದು ಓದಬಾರದು.

ಕೊನೆಯದಾಗಿ ಎರಡು ಬಣ್ಣಗಳ ಆಸೆ. ತಟ್ಟೆಯಲ್ಲಿ ಇದು ಸಾಧ್ಯ, ಸೂಕ್ಷ್ಮದರ್ಶಕದಡಿಯಲ್ಲೂ ಸಾಧ್ಯ. ಮಿದುಳಿನ ಆಳದಿಂದ ಬರುವ ಬೆಳಕಿನಲ್ಲಿ ಬಣ್ಣವನ್ನು ನೆಚ್ಚಿ ಬೇರ್ಪಡಿಸುವುದು ಕಷ್ಟ, ಏಕೆಂದರೆ ಆಳ ಹೆಚ್ಚಿದಂತೆ ಹಸಿರು ಮೊದಲು ಸಾಯುತ್ತದೆ, ಕೆಂಪು ಉಳಿಯುತ್ತದೆ. ಎರಡರ ಅನುಪಾತ ಕೋಶಗಳ ಸಂಖ್ಯೆಯನ್ನು ಹೇಳುವ ಬದಲು ಆಳವನ್ನೇ ಹೇಳತೊಡಗುತ್ತದೆ. ಇಲ್ಲಿ ಬೇರ್ಪಡಿಸಬೇಕಾದದ್ದು ಸಬ್‌ಸ್ಟ್ರೇಟಿನಿಂದ. ಗಡ್ಡೆಗೆ ಅಕಾಲಕ್, ಪ್ರತಿರಕ್ಷಣಾ ಕೋಶಗಳಿಗೆ ಆಂಟಾರಿಸ್ ಕೊಟ್ಟರೆ ಒಂದರ ಸಬ್‌ಸ್ಟ್ರೇಟನ್ನು ಇನ್ನೊಂದು ಮುಟ್ಟುವುದಿಲ್ಲ. ಫ್ಲೋರೋಫ್ಯೂರಿಮಜೀನ್ ಪ್ರಕಟಿಸಿದ ತಂಡವೇ ಒಂದೇ ಇಲಿಯಲ್ಲಿ ಎರಡು ಬಗೆಯ ಕೋಶಗಳನ್ನು ಹೀಗೆ ನೋಡಿದೆ. ಮಿದುಳಿನಲ್ಲಿ ಇದನ್ನು ಮಾಡಲು ಆಂಟಾರಿಸ್‌ಗೆ ಸೆಫಲೋಫ್ಯೂರಿಮಜೀನನ್ನು ಕೊಟ್ಟು ನೋಡಿ. ಒಂದನ್ನು ಚುಚ್ಚಿ ಚಿತ್ರ ತೆಗೆದು, ಅದರ ಬೆಳಕು ತಳಮಟ್ಟಕ್ಕೆ ಇಳಿದದ್ದನ್ನು ಖಚಿತಪಡಿಸಿಕೊಂಡು ಇನ್ನೊಂದನ್ನು ಚುಚ್ಚಬೇಕು. ಬೇಗ ಸವೆಯುವುದನ್ನು ಮೊದಲು ಕೊಡುವುದು ಅನುಕೂಲ. ಮಿಂಚುಹುಳದ ಕುಟುಂಬದೊಳಗೇ, ಅಣುವಿನ ಬೇರೆ ಬೇರೆ ಮೂಲೆಗಳಲ್ಲಿ ಗುಂಪುಗಳನ್ನು ಸೇರಿಸಿ, ತಮ್ಮ ತಮ್ಮ ಸಬ್‌ಸ್ಟ್ರೇಟನ್ನಷ್ಟೇ ಗುರುತಿಸುವ ಕಿಣ್ವಜೋಡಿಗಳನ್ನು ಪಡೆದವರಿದ್ದಾರೆ. ಆದರೆ ಕೆಂಪಿನಲ್ಲೂ ಬೆಳಗಿ, ಮಿದುಳನ್ನೂ ತಲುಪಿ, ಪರಸ್ಪರ ಸೋಂಕದ ಎರಡು ಜೋಡಿಗಳು ಇನ್ನೂ ಸುಲಭವಾಗಿ ಕೈಗೆಟಕುವ ಸ್ಥಿತಿಗೆ ಬಂದಿಲ್ಲ. ಅಕಾಲಕ್ ಇರುವಾಗ ಇನ್ನೊಂದು ಕೆಂಪು ಕಿಣ್ವವೇಕೆ ಎಂದು ಪರೀಕ್ಷಕರು ಕೇಳಬಹುದು. ಅಕಾಲಕ್ ಜೊತೆಗೆ ನಿಂತು ಅದರ ಸಬ್‌ಸ್ಟ್ರೇಟನ್ನು ಮುಟ್ಟದ, ಮಿದುಳಿಗೆ ತಲುಪುವ ಎರಡನೆಯ ಜೋಡಿಯೊಂದನ್ನು ನೀವು ಗುರಿಯಾಗಿಟ್ಟುಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ ಮುನ್ನ, ಈಗ ನಿಮ್ಮಲ್ಲಿರುವ ಮಿಂಚುಹುಳದ ಕೋಶಗಳಿಗೇ ಡಿ-ಲೂಸಿಫೆರಿನ್, ಸೈಕ್‌ಲಕ್1, ಅಕಾಲ್ಯುಮಿನ್ ಮೂರನ್ನೂ ಬೇರೆ ಬೇರೆ ದಿನ ಕೊಟ್ಟು, ಅದೇ ಪ್ರಾಣಿಯ ಮಿದುಳಿನಲ್ಲಿ ಹೋಲಿಸಿ. ಸಬ್‌ಸ್ಟ್ರೇಟ್ ಬದಲಾದೊಡನೆ ಬೆಳಕು ಏರಿದರೆ ನಿಮ್ಮ ತೊಡಕು ತಲುಪುವಿಕೆಯಲ್ಲಿದೆ ಅಥವಾ ಬಣ್ಣದಲ್ಲಿದೆ, ರಸಾಯನಶಾಸ್ತ್ರದಿಂದ ಆರಂಭಿಸಿ. ಮೂರೂ ಒಂದೇ ತೆರನಾಗಿ ಮಂಕಾಗಿದ್ದರೆ ಆ ಕೋಶಗಳಲ್ಲಿ ಕಿಣ್ವವೇ ಸಾಕಷ್ಟು ಉಳಿದಿಲ್ಲದಿರಬಹುದು, ಮೊದಲು ಅದನ್ನು ಅಳೆಯಿರಿ.